ಗಂಡಸುತನದ ಅರ್ಥವೇನು?

ಬ್ಯಾಡರಹಳ್ಳಿಯಲ್ಲಿ ಮಗ್ರಿಬ್ ನಮಾಝಿನ ಬಳಿಕ ನಾನು ಮಕ್ಕಳಿಗೆ ದೀನಿನ ಪಾಠ ಹೇಳುತ್ತೇನೆ. ಹಗಲು ಶಾಲೆಗೆ ಹೋಗುವ ಮಕ್ಕಳಾದುದರಿಂದ ಶಾಲೆಯ ಸಂದೇಹಗಳೂ ನಡುನಡುವೆ ಬರುತ್ತವೆ. ಒಂದು ಸಂಜೆ ಒಬ್ಬ ಹುಡುಗ ಕೇಳಿದ: "ಹಜ್ರತ್, ಇಂಗ್ಲಿಷ್ ಪಾಠದಲ್ಲಿ 'ಮ್ಯಾನ್‌ಹುಡ್' ಅಂತ ಬಂತು. ಉರ್ದುವಿನಲ್ಲಿ ಏನಂತಾರೆ?" "ಮರ್ದಾನಗಿ" ಎಂದೆ. ಅವನು ಸ್ವಲ್ಪ ತಡೆದು, "ಅಬ್ಬಾ ಸಿಟ್ಟು ಬಂದು ಊಟದ ತಟ್ಟೆ ಎಸೆದಾಗ 'ನಾನು ಮರ್ದ್' ಅಂತಾರೆ. ಅದೇನಾ?" ಎಂದ.

ನಾಳೆ ಹೇಳುತ್ತೇನೆಂದು ಅವನನ್ನು ಕಳುಹಿಸಿದೆ. ಇದು ಒಂದೇ ಮನೆಯ ಮಾತಲ್ಲವಾದ್ದರಿಂದ, ಆ ರಾತ್ರಿ ಯೋಚಿಸಿದ್ದನ್ನು ಓದುಗರ ಮುಂದಿಡುತ್ತಿದ್ದೇನೆ.

ಮೊದಲು ಇಂಗ್ಲಿಷ್ ಪದ. 'ಹುಡ್' ಎಂಬ ಪ್ರತ್ಯಯ ಸ್ಥಿತಿಯನ್ನು ಸೂಚಿಸುತ್ತದೆ. 'ಚೈಲ್ಡ್‌ಹುಡ್' ಎಂದರೆ ಬಾಲ್ಯ. 'ಮ್ಯಾನ್‌ಹುಡ್' ಎಂದರೆ ಬಾಲ್ಯ ಕಳೆದು ಪ್ರೌಢನಾದ ಸ್ಥಿತಿ. ಹಳೆಯ ಇಂಗ್ಲಿಷಿನಲ್ಲಿ 'ಮ್ಯಾನ್' ಎಂದರೆ ಗಂಡು ಹೆಣ್ಣೆಂಬ ಭೇದವಿಲ್ಲದೆ ಮನುಷ್ಯ ಎಂದೇ ಅರ್ಥ. ಸಿಟ್ಟನ್ನು ಹತೋಟಿಯಲ್ಲಿಡಲಾರದವನು ಈ ಲೆಕ್ಕದಲ್ಲಿ ಇನ್ನೂ ಬಾಲಕನೇ.

ಉರ್ದುವಿನ 'ಮರ್ದಾನಗಿ' ಪಾರಸಿಯ 'ಮರ್ದ್'ನಿಂದ ಬಂತು. ಧೈರ್ಯ, ಶೌರ್ಯ ಎಂದು ಅದರ ಅರ್ಥ. ಗೋಡೆಗಳ ಮೇಲಿನ ಔಷಧಿ ಜಾಹೀರಾತುಗಳು ಅದನ್ನು ಬರಿಯ ದೇಹಶಕ್ತಿಗೆ ಇಳಿಸಿವೆ. ಆದರೆ ನಮ್ಮ ಮನೆಗಳಲ್ಲಿ ಇನ್ನೊಂದು ಪದವಿದೆ: ಮುರವ್ವತ್. ಪುರುಷ, ಮನುಷ್ಯ ಎಂಬರ್ಥದ ಅರಬಿಯ 'ಮರ್‌ಅ'ದಿಂದ ಹುಟ್ಟಿದ 'ಮುರೂಅತ್' ಇದರ ಮೂಲ. ಅಕ್ಷರಶಃ ಗಂಡಸುತನವೇ. ಆದರೆ ಉರ್ದುವಿನಲ್ಲಿ ಅದರ ಬಳಕೆ ದಾಕ್ಷಿಣ್ಯ, ಸೌಜನ್ಯ, ಇನ್ನೊಬ್ಬರ ಮನ ನೋಯದಂತೆ ನಡೆಯುವುದು ಎಂಬ ಅರ್ಥದಲ್ಲಿ. ಪರರ ಕಷ್ಟಕ್ಕೆ ಕರಗದವನನ್ನು ನಮ್ಮ ಹಿರಿಯರು 'ಬೇಮುರವ್ವತ್' ಎಂದು ಹಳಿಯುತ್ತಾರೆ. ಪದದ ಬೇರು ಹಿಡಿದು ನೋಡಿದರೆ, ಗಂಡಸುತನವಿಲ್ಲದವನು ಎಂದೇ ಆಯಿತು! ಹದೀಸ್ ವಿದ್ವಾಂಸರು ವರದಿಗಾರನ ವಿಶ್ವಾಸಾರ್ಹತೆಯನ್ನು ತೂಗುವಾಗ, ಅವನು ಪಾಪಗಳಿಂದ ದೂರವಿರುವುದರ ಜೊತೆಗೆ ಮುರೂಅತ್ ಕಾಪಾಡಿಕೊಂಡಿದ್ದಾನೆಯೇ ಎಂದೂ ನೋಡುತ್ತಿದ್ದರು.

ಪವಿತ್ರ ಕುರ್‌ಆನ್ 'ರಿಜಾಲ್', ಅಂದರೆ ಪುರುಷರು ಎಂದು ಕೆಲವರನ್ನು ಪ್ರಶಂಸಿಸಿದೆ. ಅವರು ಯಾರು? ವ್ಯಾಪಾರದ ಗದ್ದಲದಲ್ಲೂ ಅಲ್ಲಾಹನ ಸ್ಮರಣೆಯನ್ನು ಮರೆಯದವರು (ಅನ್ನೂರ್: 37), ಅಲ್ಲಾಹನಿಗೆ ಕೊಟ್ಟ ಮಾತನ್ನು ನಿಜಗೊಳಿಸಿದವರು (ಅಲ್ ಅಹ್‌ಝಾಬ್: 23). ಕುಸ್ತಿಯಲ್ಲಿ ಎದುರಾಳಿಯನ್ನು ಕೆಡವುವವನಿಗಿಂತ ಸಿಟ್ಟಿನ ವೇಳೆ ತನ್ನನ್ನು ತಡೆದುಕೊಳ್ಳುವವನೇ ಬಲಶಾಲಿಯೆಂದು ಪ್ರವಾದಿವರ್ಯರು(ಸ) ಕಲಿಸಿದರು (ಬುಖಾರಿ, ಮುಸ್ಲಿಮ್).

"ಕುರ್‌ಆನ್ ಗಂಡಸರನ್ನು ಕವ್ವಾಮ್ ಎಂದಿದೆಯಲ್ಲ?" ಎಂದು ಕೆಲವರು ಕೇಳಬಹುದು (ಅನ್ನಿಸಾ: 34). ಆ ಪದದ ಧಾತುವಿಗೆ 'ನಿಲ್ಲು' ಎಂಬ ಅರ್ಥವಿದೆ. ಮನೆಯವರ ಹೊಣೆ ಹೊತ್ತು ನಿಂತವನು ಕವ್ವಾಮ್. ಅದೇ ಸೂಕ್ತವು ಅವನು ಮಾಡುವ ಖರ್ಚನ್ನೂ ಹೇಳುತ್ತದೆ. ಅನ್ನ ದುಡಿದು ತಂದದ್ದು ಅವನ ಕರ್ತವ್ಯ. ಅದನ್ನು ಎಸೆಯಲು ಅದು ಪರವಾನಗಿಯಾಗದು.

ಕನ್ನಡದಲ್ಲಿ ಒಂದು ಗಾದೆಯಿದೆ: ಉತ್ತರನ ಪೌರುಷ ಒಲೆಯ ಮುಂದೆ. ಅಂತಃಪುರದಲ್ಲಿ ಬಡಾಯಿ ಕೊಚ್ಚಿದ ಉತ್ತರಕುಮಾರ ಕೌರವರ ಸೇನೆ ಕಂಡೊಡನೆ ರಥವಿಳಿದು ಓಡಿದ. ಹೊರಗೆ ಮಾಲೀಕನ ಮುಂದೆ ತಲೆತಗ್ಗಿಸಿ, ಮನೆಗೆ ಬಂದು ಒಲೆಯ ಮುಂದಿರುವವಳ ಮೇಲೆ ಎಗರುವವನ ಪೌರುಷವೂ ಇದೇ. ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರು? ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು, ನಮಾಝಿನ ವೇಳೆಯಾದಾಗ ಹೊರಡುತ್ತಿದ್ದರು ಎಂದು ಹ. ಆಇಶಾ(ರ) ತಿಳಿಸಿದ್ದಾರೆ (ಬುಖಾರಿ).

ಮರುದಿನ ಆ ಹುಡುಗನಿಗೆ ಹೇಳಿದೆ: "ಅದು ಮರ್ದಾನಗಿ ಅಲ್ಲ ಮಗನೇ, ಸಿಟ್ಟು. ಅಬ್ಬಾರನ್ನು ಗೌರವಿಸು, ಅವರಿಗಾಗಿ ದುಆ ಮಾಡು. ಆ ಸಿಟ್ಟನ್ನು ಮಾತ್ರ ಕಲಿಯಬೇಡ." ಅವನು ತಲೆಯಾಡಿಸಿದ.

ತಂದೆಯರೇ, ಚೆಲ್ಲಿದ ಅನ್ನವನ್ನು ತಾಯಿ ಬಳಿಯುವುದನ್ನು ನೋಡುತ್ತಾ ನಮ್ಮ ಮಕ್ಕಳು ಒಂದು ಪದದ ಅರ್ಥ ಕಲಿಯುತ್ತಿದ್ದಾರೆ. ಅವರಿಗೆ ಸರಿಯಾದ ಅರ್ಥವನ್ನು ನಡತೆಯಿಂದ ಕಲಿಸುವ ಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.