ಹಳೆಯ ಡಾಸ್ ಆಟಗಳು ಮತ್ತು ಇಂದಿನ ಗಣಕಯಂತ್ರ

ಓಲೆಗರಿಯಲ್ಲಿ ಬರೆದ ಗ್ರಂಥವೊಂದು ಮುನ್ನೂರು ವರ್ಷಗಳ ಅನಂತರ ಕೈಗೆ ದೊರೆತರೂ ಲಿಪಿಯನ್ನು ಬಲ್ಲವನು ಅದನ್ನು ಓದಬಲ್ಲನು. ಗರಿಯು ಹುಳುವಿನ ಪಾಲಾಗದೆ ಉಳಿದಿದ್ದರೆ ಸಾಕು. ಕಣ್ಣು ಮತ್ತು ಕಲಿಕೆಗಳ ಹೊರತು ಬೇರೆ ಸಾಧನವು ಬೇಕಾಗುವುದಿಲ್ಲ. ಗಣಕಯಂತ್ರಕ್ಕಾಗಿ ಬರೆದ ತಂತ್ರಾಂಶದ ಸ್ಥಿತಿ ಹೀಗಿಲ್ಲ. ಅದನ್ನು ಓದಬೇಕಾದುದು ಒಂದು ನಿರ್ದಿಷ್ಟ ಯಂತ್ರ. ಆ ಯಂತ್ರವು ಬಳಕೆಯಿಂದ ಮರೆಯಾದೊಡನೆ, ಒಂದಕ್ಷರವೂ ಅಳಿಯದೆ ಉಳಿದಿದ್ದರೂ ತಂತ್ರಾಂಶವು ಮೂಕವಾಗುತ್ತದೆ. ೧೯೮೧ರಿಂದ ಮುಂದಿನ ಸುಮಾರು ಹದಿನೈದು ವರ್ಷಗಳಲ್ಲಿ ಡಾಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಗಾಗಿ ರಚಿತವಾದ ಸಾವಿರಾರು ಆಟಗಳ ಗತಿ ಇಂದು ಇದೇ ಆಗಿದೆ. ಅವುಗಳನ್ನು ಇಂದಿನ ಯಂತ್ರದಲ್ಲಿ ಸರಿಯಾಗಿ ನಡೆಸುವ ಬಗೆ ಯಾವುದು, ಹಾಗೆ ನಡೆಸುವುದರಿಂದ ಆಗುವ ಪ್ರಯೋಜನವೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಸ್ಥೂಲವಾಗಿ ವಿವೇಚಿಸಲಾಗಿದೆ.

ಆಟವೆಂದೊಡನೆ ಇದು ಮಕ್ಕಳ ವಿನೋದದ ವಿಷಯವೆಂದು ಹಿರಿಯರು ಬದಿಗಿಡುವ ಸಂಭವವುಂಟು. ಆದರೆ ಆ ಕಾಲದ ಯಂತ್ರದ ಶಕ್ತಿಯನ್ನು ಕೊನೆಯ ಹನಿಯವರೆಗೆ ಹಿಂಡಿ ಬಳಸಿಕೊಂಡ ತಂತ್ರಾಂಶಗಳಲ್ಲಿ ಆಟಗಳೇ ಮುಂಚೂಣಿಯಲ್ಲಿದ್ದವು. ಆಟವೊಂದನ್ನು ಸರಿಯಾಗಿ ನಡೆಸಲು ಕಲಿತವನಿಗೆ ಲೆಕ್ಕಪತ್ರದ ತಂತ್ರಾಂಶವಾಗಲಿ, ಪಾಠದ ತಂತ್ರಾಂಶವಾಗಲಿ ಕಷ್ಟವೆನಿಸುವುದಿಲ್ಲ. ನಮ್ಮ ನಾಡಿನ ಅನೇಕ ಕಾಲೇಜುಗಳಲ್ಲಿ ಸಿ ಭಾಷೆಯನ್ನು ಕಲಿಸಲು ಬಹುಕಾಲ ಬಳಸಿದ ಟರ್ಬೊ ಸಿ ಎಂಬ ತಂತ್ರಾಂಶವೂ ಡಾಸ್ ಯುಗದ್ದೇ ಆಗಿದ್ದು, ಹೊಸ ಯಂತ್ರಗಳಲ್ಲಿ ಅದನ್ನು ನಡೆಸಲು ವಿದ್ಯಾರ್ಥಿಗಳು ಹಿಡಿದ ಮಾರ್ಗವೂ ಇಲ್ಲಿ ಹೇಳಲಿರುವ ಮಾರ್ಗವೇ ಆಗಿದೆ.

೧. ಆಟವು ಏಕೆ ನಡೆಯುವುದಿಲ್ಲ?

ಐಬಿಎಂ ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ೧೯೮೧ರ ಆಗಸ್ಟ್ ತಿಂಗಳಲ್ಲಿ ಪ್ರಕಟಿಸಿತು. ಅದರಲ್ಲಿದ್ದ ಇಂಟೆಲ್ ೮೦೮೮ ಸಂಸ್ಕಾರಕದ ವೇಗ ೪.೭೭ ಮೆಗಾಹರ್ಟ್ಸ್. ತಂತ್ರಾಂಶಗಳಿಗೆ ದೊರೆಯುತ್ತಿದ್ದ ಸ್ಮೃತಿಯ ಮಿತಿ ೬೪೦ ಕಿಲೋಬೈಟ್. ಡಾಸ್ ವ್ಯವಸ್ಥೆಯು ಏಕಕಾಲದಲ್ಲಿ ಒಂದೇ ತಂತ್ರಾಂಶವನ್ನು ನಡೆಸುತ್ತಿತ್ತು. ಹಾಗೆ ನಡೆಯುವ ತಂತ್ರಾಂಶವು ಇಡೀ ಯಂತ್ರಕ್ಕೆ ಒಡೆಯನಾಗಿರುತ್ತಿತ್ತು. ಆಟವು ಪರದೆಯ ಸ್ಮೃತಿಗೆ ತಾನೇ ಬಣ್ಣಗಳನ್ನು ಬರೆಯುತ್ತಿತ್ತು, ಧ್ವನಿಫಲಕದೊಡನೆ ತಾನೇ ವ್ಯವಹರಿಸುತ್ತಿತ್ತು, ಗಡಿಯಾರವನ್ನೂ ತನಗೆ ಬೇಕಾದಂತೆ ತಿರುಗಿಸಿಕೊಳ್ಳುತ್ತಿತ್ತು.

ಇಂದಿನ ವ್ಯವಸ್ಥೆಯಲ್ಲಿ ಈ ಸ್ವಾತಂತ್ರ್ಯವಿಲ್ಲ. ಹತ್ತಾರು ತಂತ್ರಾಂಶಗಳು ಒಟ್ಟಿಗೆ ನಡೆಯಬೇಕಾಗಿರುವುದರಿಂದ ಯಂತ್ರಾಂಶವನ್ನು ನೇರವಾಗಿ ಮುಟ್ಟುವ ಅಧಿಕಾರವನ್ನು ವ್ಯವಸ್ಥೆಯು ತನ್ನಲ್ಲಿಯೇ ಉಳಿಸಿಕೊಂಡಿದೆ. ಇದಲ್ಲದೆ, ಹದಿನಾರು ಬಿಟ್‌ಗಳ ಡಾಸ್ ತಂತ್ರಾಂಶವನ್ನು ನಡೆಸಲು ವಿಂಡೋಸ್‌ನ ಮೂವತ್ತೆರಡು ಬಿಟ್ ಆವೃತ್ತಿಗಳು ಅವಲಂಬಿಸಿದ್ದ ಸಂಸ್ಕಾರಕದ ವಿಶೇಷ ಸ್ಥಿತಿಯೊಂದು ಅರುವತ್ತನಾಲ್ಕು ಬಿಟ್‌ಗಳ ಕಾರ್ಯವಿಧಾನದಲ್ಲಿ ಲಭ್ಯವಿಲ್ಲ. ೨೦೨೧ರಲ್ಲಿ ಬಂದ ವಿಂಡೋಸ್ ೧೧ ಅರುವತ್ತನಾಲ್ಕು ಬಿಟ್‌ಗಳ ರೂಪದಲ್ಲಿ ಮಾತ್ರ ದೊರೆಯುತ್ತದೆ. ಆದ್ದರಿಂದ ಹಳೆಯ ಆಟದ ಕಡತವನ್ನು ಒತ್ತಿದೊಡನೆ ‘ಇದು ಈ ಗಣಕಯಂತ್ರದಲ್ಲಿ ನಡೆಯದು’ ಎಂಬ ಅರ್ಥದ ಸೂಚನೆಯು ಬರುತ್ತದೆ. ಇಲ್ಲಿ ಗಮನಿಸಬೇಕಾದುದು ಇಷ್ಟು: ಆಟವು ಕೆಟ್ಟಿಲ್ಲ, ಅದಕ್ಕೆ ಆಧಾರವಾಗಿದ್ದ ಯಂತ್ರವು ಇಲ್ಲವಾಗಿದೆ. ಆದಕಾರಣ ಆಟವನ್ನು ತಿದ್ದುವ ಬದಲು ಆ ಯಂತ್ರವನ್ನು ಮರಳಿ ಒದಗಿಸುವುದೇ ಸರಿಯಾದ ಪರಿಹಾರ.

೨. ಡಾಸ್‌ಬಾಕ್ಸ್ ಎಂಬ ಅನುಕರಣ ಯಂತ್ರ

ಈ ಕಾರ್ಯವನ್ನು ಮಾಡುವ ತಂತ್ರಾಂಶಗಳಲ್ಲಿ ೨೦೦೨ರಿಂದ ಲಭ್ಯವಿರುವ ಡಾಸ್‌ಬಾಕ್ಸ್ ಪ್ರಸಿದ್ಧವಾದುದು. ಇದು ಉಚಿತವಾಗಿ ದೊರೆಯುವ ಮುಕ್ತ ತಂತ್ರಾಂಶ. ಹಳೆಯ ಸಂಸ್ಕಾರಕ, ಪರದೆ, ಧ್ವನಿಫಲಕ, ಸ್ಮೃತಿ ಎಲ್ಲವನ್ನೂ ಇದು ಹೊಸ ಯಂತ್ರದೊಳಗೆ ಅನುಕರಿಸಿ ತೋರಿಸುತ್ತದೆ. ಮೂಲ ಡಾಸ್‌ಬಾಕ್ಸ್‌ನ ೦.೭೪-೩ ಆವೃತ್ತಿಯು ೨೦೧೯ರಲ್ಲಿ ಹೊರಬಂದಿತು. ಅದೇ ಮೂಲದಿಂದ ಕವಲೊಡೆದ ಡಾಸ್‌ಬಾಕ್ಸ್ ಸ್ಟೇಜಿಂಗ್ ಮತ್ತು ಡಾಸ್‌ಬಾಕ್ಸ್-ಎಕ್ಸ್ ಎಂಬ ರೂಪಗಳಲ್ಲಿ ಮುಂದಿನ ಸುಧಾರಣೆಗಳು ನಡೆದಿವೆ. ಹೊಸದಾಗಿ ಆರಂಭಿಸುವವರಿಗೆ ಸ್ಟೇಜಿಂಗ್ ರೂಪವು ಅನುಕೂಲಕರ.

ಬಳಸುವ ಕ್ರಮವು ಸರಳವಾಗಿದೆ. ಮೊದಲು ಆಟದ ಕಡತಗಳನ್ನೆಲ್ಲ ಒಂದು ಫೋಲ್ಡರಿನಲ್ಲಿ ಇರಿಸಬೇಕು. ಡಾಸ್‌ನಲ್ಲಿ ಕಡತದ ಹೆಸರು ಎಂಟು ಅಕ್ಷರಗಳನ್ನೂ ಅದರ ಬಾಲವು ಮೂರು ಅಕ್ಷರಗಳನ್ನೂ ಮೀರುವಂತಿರಲಿಲ್ಲ. ಆದ್ದರಿಂದ ಫೋಲ್ಡರಿಗೆ ಚಿಕ್ಕದಾದ, ನಡುವೆ ತೆರವಿಲ್ಲದ ಹೆಸರನ್ನು ಕೊಡುವುದು ಲೇಸು. ಬಳಿಕ ಡಾಸ್‌ಬಾಕ್ಸನ್ನು ತೆರೆದು ‘ಮೌಂಟ್’ ಎಂಬ ಆಜ್ಞೆಯಿಂದ ಆ ಫೋಲ್ಡರನ್ನು ‘ಸಿ’ ಡ್ರೈವ್ ಎಂದು ಘೋಷಿಸಬೇಕು. ಅನಂತರ ‘ಸಿ’ ಎಂದು ಬರೆದು ಮುಂದೆ ವಿವರಣ ಚಿಹ್ನೆಯನ್ನಿಟ್ಟರೆ ಆ ಡ್ರೈವಿಗೆ ಪ್ರವೇಶ ದೊರೆಯುತ್ತದೆ. ‘ಡಿಐಆರ್’ ಎಂಬ ಆಜ್ಞೆಯು ಅಲ್ಲಿರುವ ಕಡತಗಳ ಪಟ್ಟಿಯನ್ನು ಕೊಡುತ್ತದೆ. ಇಎಕ್ಸ್‌ಇ, ಸಿಒಎಂ ಅಥವಾ ಬಿಎಟಿ ಎಂಬ ಬಾಲವುಳ್ಳ ಕಡತಗಳು ನಡೆಸಬಹುದಾದಂಥವು. ಅವುಗಳ ಹೆಸರನ್ನು ಬರೆದು ಎಂಟರ್ ಕೀಲಿಯನ್ನು ಒತ್ತಿದರೆ ಆಟವು ಆರಂಭವಾಗುತ್ತದೆ. ‘ಸೆಟಪ್’ ಅಥವಾ ‘ಇನ್‌ಸ್ಟಾಲ್’ ಎಂಬ ಕಡತವಿದ್ದರೆ ಅದನ್ನು ಮೊದಲು ನಡೆಸತಕ್ಕದ್ದು.

ಆಟವು ಪರದೆಯ ಮೇಲೆ ಕಾಣಿಸಿಕೊಂಡಿತೆಂದರೆ ಕೆಲಸ ಮುಗಿಯಿತೆಂದು ಅನೇಕರು ತಿಳಿಯುತ್ತಾರೆ. ಆದರೆ ನಡೆಯುವುದು ಬೇರೆ, ಸರಿಯಾಗಿ ನಡೆಯುವುದು ಬೇರೆ. ಆಟವನ್ನು ರಚಿಸಿದವರು ಕಂಡ ವೇಗ, ಆಕಾರ ಮತ್ತು ಧ್ವನಿಗಳಲ್ಲಿ ಅದು ಮೂಡಿಬಂದಾಗ ಮಾತ್ರ ಸರಿಯಾಗಿ ನಡೆಯಿತೆನ್ನಬೇಕು. ಈ ಮೂರನ್ನೂ ಪ್ರತ್ಯೇಕವಾಗಿ ನೋಡೋಣ.

೩. ವೇಗದ ವಿಚಾರ

ಆರಂಭಕಾಲದ ಕೆಲವು ಆಟಗಳು ಗಡಿಯಾರವನ್ನು ನೋಡಿಕೊಳ್ಳದೆ ಸಂಸ್ಕಾರಕವು ಎಷ್ಟು ವೇಗವಾಗಿ ದುಡಿಯುವುದೋ ಅಷ್ಟೇ ವೇಗವಾಗಿ ಓಡುತ್ತಿದ್ದವು. ಅಂಥ ಆಟವು ಹೊಸ ಯಂತ್ರದ ಪೂರ್ಣ ವೇಗದಲ್ಲಿ ನಡೆದರೆ ಆಟಗಾರನು ಕೀಲಿಯ ಮೇಲೆ ಬೆರಳಿಡುವುದರೊಳಗೆ ಸೋತಿರುತ್ತಾನೆ. ೧೯೯೦ರ ವಿಂಗ್ ಕಮಾಂಡರ್ ಎಂಬ ಆಟವು ಇದಕ್ಕೆ ಪ್ರಸಿದ್ಧ ನಿದರ್ಶನ. ವೇಗದ ಯಂತ್ರಗಳಲ್ಲಿ ಅದರ ವಿಮಾನಗಳು ಹಿಡಿತಕ್ಕೆ ಸಿಗದಂತೆ ಧಾವಿಸುತ್ತವೆ.

ಟರ್ಬೊ ಪಾಸ್ಕಲ್‌ನಲ್ಲಿ ಬರೆದ ಅನೇಕ ತಂತ್ರಾಂಶಗಳ ತೊಡಕು ಇನ್ನೂ ಬೋಧಪ್ರದವಾದುದು. ಗಡಿಯಾರದ ಒಂದು ಮಿಡಿತದ ಅವಧಿಯಾದ ಸುಮಾರು ೫೫ ಮಿಲಿಸೆಕೆಂಡುಗಳಲ್ಲಿ ಒಂದು ಸಣ್ಣ ಆವರ್ತನವು ಎಷ್ಟು ಸಲ ಸುತ್ತುವುದೆಂದು ಅವು ಎಣಿಸಿ, ಆ ಸಂಖ್ಯೆಯನ್ನು ೫೫ರಿಂದ ಭಾಗಿಸುತ್ತಿದ್ದವು. ಸುಮಾರು ೨೦೦ ಮೆಗಾಹರ್ಟ್ಸ್ ವೇಗದ ಸಂಸ್ಕಾರಕಗಳು ಬಂದಾಗ ಭಾಗಲಬ್ಧವು ಅದಕ್ಕೆಂದು ಮೀಸಲಿಟ್ಟ ಹದಿನಾರು ಬಿಟ್‌ಗಳ ಜಾಗದಲ್ಲಿ ಹಿಡಿಸದಾಯಿತು. ಪರಿಣಾಮವಾಗಿ ‘ದೋಷ ೨೦೦’ ಎಂಬ ಸೂಚನೆಯನ್ನು ಕೊಟ್ಟು ತಂತ್ರಾಂಶವು ಆರಂಭದಲ್ಲಿಯೇ ನಿಂತುಬಿಡುತ್ತಿತ್ತು. ಪಾತ್ರೆಯ ಅಳತೆಯನ್ನು ಇಂದಿನ ಅಗತ್ಯಕ್ಕಷ್ಟೇ ನಿಗದಿಮಾಡಿದರೆ ನಾಳೆ ಏನಾಗುವುದೆಂಬುದಕ್ಕೆ ತರಗತಿಯಲ್ಲಿ ಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ವಿರಳ.

ಡಾಸ್‌ಬಾಕ್ಸ್‌ನಲ್ಲಿ ವೇಗವನ್ನು ‘ಸೈಕಲ್ಸ್’ ಎಂಬ ಸಂಖ್ಯೆಯಿಂದ ನಿಯಂತ್ರಿಸಲಾಗುತ್ತದೆ. ಒಂದು ಮಿಲಿಸೆಕೆಂಡಿನಲ್ಲಿ ಅನುಕರಣ ಯಂತ್ರವು ನಿರ್ವಹಿಸಬೇಕಾದ ಆದೇಶಗಳ ಪ್ರಮಾಣವನ್ನು ಅದು ಸೂಚಿಸುತ್ತದೆ. ಸ್ಥೂಲವಾಗಿ ಹೇಳುವುದಾದರೆ ೪.೭೭ ಮೆಗಾಹರ್ಟ್ಸ್‌ನ ಮೊದಲ ಯಂತ್ರಕ್ಕೆ ೩೦೦, ೩೩ ಮೆಗಾಹರ್ಟ್ಸ್‌ನ ೩೮೬ ಯಂತ್ರಕ್ಕೆ ೬೦೦೦, ೬೬ ಮೆಗಾಹರ್ಟ್ಸ್‌ನ ೪೮೬ ಯಂತ್ರಕ್ಕೆ ೨೫೦೦೦ರ ಆಸುಪಾಸಿನ ಸಂಖ್ಯೆಗಳು ಹೊಂದುತ್ತವೆ. ಆಟವು ಬಂದ ವರ್ಷವನ್ನು ತಿಳಿದು, ಆ ಕಾಲದ ಯಂತ್ರಕ್ಕೆ ಸಮನಾದ ಸಂಖ್ಯೆಯಿಂದ ಆರಂಭಿಸಿ, ಕಂಟ್ರೋಲ್ ಕೀಲಿಯೊಡನೆ ಎಫ್೧೧ ಒತ್ತಿ ತಗ್ಗಿಸಬಹುದು, ಎಫ್೧೨ ಒತ್ತಿ ಹೆಚ್ಚಿಸಬಹುದು. ಪಾತ್ರಗಳ ನಡಿಗೆ ಸಹಜವಾಗಿ, ಸಂಗೀತವು ಕಡಿಯದೆ ಬಂದಾಗ ಸಂಖ್ಯೆಯು ಹೊಂದಿತೆಂದು ತಿಳಿಯಬೇಕು.

೪. ಆಕಾರ ಮತ್ತು ಧ್ವನಿ

೧೯೮೧ರ ಸಿಜಿಎ ಫಲಕವು ೩೨೦×೨೦೦ ಬಿಂದುಗಳ ಚಿತ್ರದಲ್ಲಿ ಒಮ್ಮೆಗೆ ನಾಲ್ಕು ಬಣ್ಣಗಳನ್ನು ತೋರಿಸುತ್ತಿತ್ತು. ೧೯೮೪ರ ಇಜಿಎ ಹದಿನಾರನ್ನು, ೧೯೮೭ರ ವಿಜಿಎ ಅಷ್ಟೇ ಬಿಂದುಗಳಲ್ಲಿ ೨೫೬ನ್ನು ತೋರಿಸತೊಡಗಿದವು. ಈ ೩೨೦×೨೦೦ ಬಿಂದುಗಳ ಚಿತ್ರವು ಅಂದಿನ ೪:೩ ಪ್ರಮಾಣದ ಗಾಜಿನ ಪರದೆಯನ್ನು ಪೂರ್ತಿಯಾಗಿ ತುಂಬುತ್ತಿತ್ತು. ಎಂದರೆ ಪ್ರತಿಯೊಂದು ಬಿಂದುವೂ ಅಗಲಕ್ಕಿಂತ ೧.೨ ಪಟ್ಟು ಎತ್ತರವಾಗಿತ್ತು. ಇಂದಿನ ಪರದೆಯ ಬಿಂದು ಚೌಕವಾದುದರಿಂದ, ಚಿತ್ರವನ್ನು ಹಾಗೆಯೇ ತೋರಿಸಿದರೆ ಎಲ್ಲವೂ ಕುಗ್ಗಿದಂತೆ ಕಾಣುತ್ತದೆ. ಚಂದ್ರನು ಅಂಡಾಕಾರ ತಾಳುತ್ತಾನೆ, ಮನುಷ್ಯನು ಗಿಡ್ಡನಾಗುತ್ತಾನೆ. ಅಗಲವನ್ನು ಐದರಿಂದಲೂ ಎತ್ತರವನ್ನು ಆರರಿಂದಲೂ ಗುಣಿಸಿದರೆ ೧೬೦೦×೧೨೦೦ ಬರುತ್ತದೆ. ಇದು ಸರಿಯಾಗಿ ೪:೩. ಡಾಸ್‌ಬಾಕ್ಸ್‌ನ ‘ಆಸ್ಪೆಕ್ಟ್’ ಎಂಬ ಆಯ್ಕೆಯು ಈ ತಿದ್ದುಪಡಿಯನ್ನೇ ಮಾಡುತ್ತದೆ. ಅಗಲವಾದ ಪರದೆಯ ಎರಡು ಪಕ್ಕಗಳಲ್ಲಿ ಆಗ ಉಳಿಯುವ ಕಪ್ಪು ಪಟ್ಟಿಗಳನ್ನು ದೋಷವೆಂದು ಎಣಿಸಿ ಚಿತ್ರವನ್ನು ಎಳೆದು ಹಿಗ್ಗಿಸಬಾರದು.

ಧ್ವನಿಯ ವಿಷಯದಲ್ಲಿ ಮೊದಲಿಗೆ ಇದ್ದುದು ಯಂತ್ರದೊಳಗಿನ ಸಣ್ಣ ಸ್ಪೀಕರು ಮಾತ್ರ. ೧೯೮೭ರಲ್ಲಿ ಆಡ್‌ಲಿಬ್ ಫಲಕವೂ ೧೯೮೯ರಲ್ಲಿ ಸಿಂಗಪುರದ ಕ್ರಿಯೇಟಿವ್ ಸಂಸ್ಥೆಯ ಸೌಂಡ್ ಬ್ಲಾಸ್ಟರ್ ಫಲಕವೂ ಬಂದು ಸಂಗೀತ ಮತ್ತು ಮಾತುಗಳಿಗೆ ದಾರಿಮಾಡಿದವು. ಆಟದ ಸೆಟಪ್ ಕಡತವು ಫಲಕದ ವಿಳಾಸ, ಇಂಟರಪ್ಟ್ ಮತ್ತು ಡಿಎಂಎ ಸಂಖ್ಯೆಗಳನ್ನು ಕೇಳಿದಾಗ ಡಾಸ್‌ಬಾಕ್ಸ್‌ನ ಸಹಜ ನಿಯೋಜನೆಯಂತೆ ಕ್ರಮವಾಗಿ ೨೨೦, ೭ ಮತ್ತು ೧ ಎಂದು ಉತ್ತರಿಸಬೇಕು. ತಪ್ಪು ಸಂಖ್ಯೆಯನ್ನು ಕೊಟ್ಟರೆ ಆಟವು ಮೌನವಾಗುತ್ತದೆ, ಇಲ್ಲವೆ ಸ್ತಬ್ಧವಾಗುತ್ತದೆ. ೧೯೮೮ರ ಕಿಂಗ್ಸ್ ಕ್ವೆಸ್ಟ್ ೪ ಮೊದಲಾದ ಕೆಲವು ಆಟಗಳ ಸಂಗೀತವು ರೋಲಂಡ್ ಎಂಟಿ-೩೨ ಎಂಬ ದುಬಾರಿ ವಾದ್ಯಕ್ಕಾಗಿ ರಚಿತವಾದುದು. ಸ್ಟೇಜಿಂಗ್ ರೂಪದಲ್ಲಿ ಅದರ ಅನುಕರಣೆಯೂ ಸಾಧ್ಯವಿದೆ; ಅದಕ್ಕೆ ಮೂಲವಾದ್ಯದ ರಾಮ್ ಕಡತಗಳು ಬೇಕಾಗುತ್ತವೆ. ಅಂದು ಕೆಲವೇ ಮನೆಗಳಲ್ಲಿ ಕೇಳಿಬಂದ ನಾದವು ಇಂದು ಸಾಮಾನ್ಯ ಯಂತ್ರದಲ್ಲಿ ದೊರೆಯುವುದು ಸಣ್ಣ ಸಂಗತಿಯಲ್ಲ.

೫. ಇತರ ಮಾರ್ಗಗಳು

ಅನುಕರಣೆಯ ಹೊರತು ಬೇರೆ ಮಾರ್ಗಗಳೂ ಉಂಟು. ೨೦೦೧ರಲ್ಲಿ ಆರಂಭವಾದ ಸ್ಕಮ್‌ವಿಎಂ ಎಂಬ ತಂತ್ರಾಂಶವು ೧೯೮೭ರ ಮೇನಿಯಾಕ್ ಮ್ಯಾನ್ಷನ್ ಮುಂತಾದ ಸಾಹಸ ಆಟಗಳ ದತ್ತಾಂಶವನ್ನು ಮಾತ್ರ ಉಳಿಸಿಕೊಂಡು, ಅವುಗಳನ್ನು ನಡೆಸುವ ಯಂತ್ರಭಾಗವನ್ನು ಹೊಸದಾಗಿ ಬರೆದುಕೊಂಡಿದೆ. ೧೯೯೩ರ ಡೂಮ್ ಆಟದ ಮೂಲ ಸಂಕೇತವನ್ನು ಅದರ ನಿರ್ಮಾಪಕರೇ ೧೯೯೭ರಲ್ಲಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟುದರಿಂದ ಅದು ಇಂದು ಬಗೆಬಗೆಯ ಯಂತ್ರಗಳಲ್ಲಿ ನಡೆಯುತ್ತಿದೆ. ಏನನ್ನೂ ಸ್ಥಾಪಿಸದೆ ಒಮ್ಮೆ ನೋಡಬಯಸುವವರಿಗೆ, ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯು ೨೦೧೫ರಲ್ಲಿ ಸುಮಾರು ೨೪೦೦ ಡಾಸ್ ಆಟಗಳನ್ನು ಬ್ರೌಸರಿನಲ್ಲಿಯೇ ಆಡುವಂತೆ ಮಾಡಿತು.

೬. ಉಳಿಸಿಕೊಳ್ಳುವ ಹೊಣೆ

ಇಷ್ಟೆಲ್ಲ ಉಪಾಯಗಳಿದ್ದರೂ ಆಟದ ಕಡತವೇ ಇಲ್ಲವಾದರೆ ಅವೆಲ್ಲ ವ್ಯರ್ಥ. ಅಮೆರಿಕದಲ್ಲಿ ೨೦೧೦ಕ್ಕೆ ಮುನ್ನ ಬಿಡುಗಡೆಯಾದ ವಿಡಿಯೋ ಆಟಗಳ ಪೈಕಿ ನೂರಕ್ಕೆ ೮೭ರಷ್ಟು ಮಾರುಕಟ್ಟೆಯಲ್ಲಿ ಲಭ್ಯವಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ೨೦೨೩ರ ಅಧ್ಯಯನದಲ್ಲಿ ತಿಳಿಸಿತು. ಪ್ರಿನ್ಸ್ ಆಫ್ ಪರ್ಷಿಯಾ ಆಟದ ಕಥೆ ಇಲ್ಲಿ ಸ್ಮರಣೀಯ. ಜೋರ್ಡನ್ ಮೆಕ್ನರ್ ಅವರು ೧೯೮೯ರಲ್ಲಿ ಆಪಲ್ ೨ ಯಂತ್ರಕ್ಕಾಗಿ ಇದನ್ನು ರಚಿಸಿದರು. ಮರುವರ್ಷ ಡಾಸ್ ರೂಪವು ಬಂದಿತು. ಮೂಲ ಸಂಕೇತವು ಕಳೆದುಹೋಯಿತೆಂದೇ ಅವರು ಬಹುಕಾಲ ಭಾವಿಸಿದ್ದರು. ೨೦೧೨ರಲ್ಲಿ ಅವರ ತಂದೆಯವರಿಗೆ ಹಳೆಯ ಪೆಟ್ಟಿಗೆಯೊಂದರಲ್ಲಿ ಆ ಫ್ಲಾಪಿಗಳು ಸಿಕ್ಕವು. ಇಪ್ಪತ್ತಕ್ಕೂ ಹೆಚ್ಚು ವರ್ಷ ಹಳೆಯದಾದ ಅವುಗಳನ್ನು ತಜ್ಞರು ಜಾಗರೂಕತೆಯಿಂದ ಓದಿ ಸಂಕೇತವನ್ನು ಉಳಿಸಿದರು. ಅದು ಇಂದು ಎಲ್ಲರ ಅಧ್ಯಯನಕ್ಕೂ ತೆರೆದಿದೆ. ವಿಶ್ವವಿಖ್ಯಾತ ಕೃತಿಯ ಸ್ಥಿತಿಯೇ ಹೀಗಿರುವಾಗ ಹೆಸರಿಲ್ಲದ ಕೃತಿಗಳ ಪಾಡೇನು?

ಫ್ಲಾಪಿಯ ಮೇಲಿನ ಕಾಂತೀಯ ಲೇಪವು ಶಾಶ್ವತವಲ್ಲ. ತೇವದ ಹವೆಯಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದುದನ್ನು ಶುಚಿಗೊಳಿಸದೆ ಡ್ರೈವಿಗೆ ತೂರಿಸಿದರೆ ಫ್ಲಾಪಿಯೂ ಡ್ರೈವೂ ಕೆಡಬಹುದು. ಮೂರೂವರೆ ಅಂಗುಲದ ಫ್ಲಾಪಿಯನ್ನು ಯುಎಸ್‌ಬಿ ಡ್ರೈವಿನಿಂದ ಓದಬಹುದು. ಓದುವ ಮುನ್ನ ಅದರ ಮೂಲೆಯ ಗುಂಡಿಯನ್ನು ಸರಿಸಿ ಕಿಂಡಿಯು ತೆರೆದಿರುವಂತೆ ಮಾಡಿದರೆ ಅಕಸ್ಮಾತ್ ಅಳಿಸಿಹೋಗುವ ಭಯವಿರುವುದಿಲ್ಲ. ಐದೂಕಾಲು ಅಂಗುಲದ್ದಕ್ಕೆ ಹಳೆಯ ಡ್ರೈವೂ ವಿಶೇಷ ನಿಯಂತ್ರಕವೂ ಬೇಕು. ಫ್ಲಾಪಿಯ ಪೂರ್ಣ ಪ್ರತಿರೂಪವನ್ನು ಒಂದು ಕಡತವಾಗಿ ತೆಗೆದು ಎರಡು ಮೂರು ಕಡೆ ಇರಿಸುವುದು ಕ್ಷೇಮ. ನ್ಯಾಯವಾಗಿ ಹೊಂದಿರುವ ತಂತ್ರಾಂಶಕ್ಕೆ ಹಾನಿಯಿಂದ ರಕ್ಷಣೆಗಾಗಿ ಪ್ರತಿಯನ್ನು ಮಾಡಿಕೊಳ್ಳಲು ೧೯೫೭ರ ನಮ್ಮ ಕೃತಿಸ್ವಾಮ್ಯ ಕಾಯಿದೆಯ ೫೨ನೆಯ ವಿಧಿಯು ಅವಕಾಶ ಕೊಟ್ಟಿದೆ. ಆದರೆ ಪರರ ಕೃತಿಯನ್ನು ಹಂಚಲು ಇದು ಅನುಮತಿಯಲ್ಲ. ಕೊಳ್ಳಬಯಸುವವರಿಗೆ, ೨೦೦೮ರಲ್ಲಿ ಆರಂಭವಾದ ಜಿಒಜಿ ಎಂಬ ಮಾರಾಟತಾಣದಲ್ಲಿ ಅನೇಕ ಹಳೆಯ ಆಟಗಳು ಡಾಸ್‌ಬಾಕ್ಸ್‌ನೊಡನೆ ಸಿದ್ಧವಾಗಿ ದೊರೆಯುತ್ತವೆ.

ಕೈಪಿಡಿಯನ್ನು ಮಾತ್ರ ಎಸೆಯಬಾರದು. ಪ್ರಿನ್ಸ್ ಆಫ್ ಪರ್ಷಿಯಾದ ಡಾಸ್ ರೂಪದಲ್ಲಿ ಮೊದಲ ಹಂತವು ಮುಗಿದೊಡನೆ ಕೈಪಿಡಿಯ ಇಂಥ ಪುಟದ ಇಂಥ ಸಾಲಿನ ಇಂಥ ಪದದ ಮೊದಲಕ್ಷರವಾವುದೆಂಬ ಪ್ರಶ್ನೆ ಬರುತ್ತದೆ. ಸರಿಯಾದ ಅಕ್ಷರದ ಬಳಿಯಿರುವ ಪಾನೀಯವನ್ನು ಕುಡಿದರಷ್ಟೆ ಮುಂದಿನ ದಾರಿ. ಪುಸ್ತಕವಿಲ್ಲದವನಿಗೆ ಆಟವೂ ಇಲ್ಲ.

ಹಳೆಯ ವಿದ್ಯಾರ್ಥಿಗಳ ಮನೆಯ ಅಟ್ಟಗಳಲ್ಲಿ, ಶಾಲೆಗಳ ಬೀರುಗಳಲ್ಲಿ ಇಂದಿಗೂ ಫ್ಲಾಪಿಗಳಿರಬಹುದು. ಅವುಗಳಲ್ಲಿ ಕೊಂಡು ತಂದ ಆಟಗಳಿರುವಂತೆ ವಿದ್ಯಾರ್ಥಿಗಳೇ ಬರೆದ ಪುಟ್ಟ ಆಟಗಳೂ ಉಪಾಧ್ಯಾಯರು ಸಿದ್ಧಪಡಿಸಿದ ಪಾಠಗಳೂ ಇರುವ ಸಂಭವವಿದೆ. ಕೊಂಡುದಕ್ಕೆ ಜಗತ್ತಿನಲ್ಲಿ ಬೇರೆ ಪ್ರತಿಗಳಿದ್ದಾವು. ಬರೆದುದಕ್ಕೆ ಆ ಒಂದು ಪ್ರತಿಯೇ ಗತಿ. ಉಪಾಧ್ಯಾಯರು ಅವುಗಳನ್ನು ಹುಡುಕಿ ಹೆಸರು ಮತ್ತು ವರ್ಷಗಳನ್ನು ಬರೆದಿಡುವುದು, ಬಲ್ಲ ಹಳೆಯ ವಿದ್ಯಾರ್ಥಿಗಳು ಪ್ರತಿರೂಪ ತೆಗೆದುಕೊಡುವುದು, ಉದಾರಿಗಳಾದ ದಾನಿಗಳು ಒಂದು ಯಂತ್ರವನ್ನೂ ಒಂದು ಡ್ರೈವನ್ನೂ ಒದಗಿಸುವುದು — ಈ ಮೂರು ಕೂಡಿದರೆ ಯಾವ ಶಾಲೆಯಲ್ಲಿಯಾದರೂ ಈ ಕಾರ್ಯವು ಒಂದು ಬೇಸಿಗೆ ರಜೆಯಲ್ಲಿ ನೆರವೇರಬಲ್ಲುದು. ಲೇಪವು ಉದುರುವ ಮುನ್ನ ಅದು ನೆರವೇರಲಿ ಎಂದು ಆಶಿಸೋಣ.