ಹೆಬ್ಬೆಟ್ಟಿನ ಮಸಿ

ದೊಡ್ಡಮ್ಮನಿಗೆ ಸಹಿ ಹಾಕಲು ಬರುತ್ತದೆ. ನಲವತ್ತು ದಾಟಿದ ಮೇಲೆ ರಾತ್ರಿ ಶಾಲೆಗೆ ಹೋಗಿ ಕಲಿತದ್ದು. ಸ್ತ್ರೀಶಕ್ತಿ ಸಂಘದ ಪುಸ್ತಕಕ್ಕೆ ಯಾರಾದರೂ ಹೆಬ್ಬೆಟ್ಟು ಒತ್ತಿದರೆ 'ಕಲ್ತ್ಕಂಡ್ರೆ ಏನಾಯ್ತದೆ ನಿಮ್ಗೆ' ಎಂದು ಗದರುತ್ತಿದ್ದವಳು ಅವಳು. 2024ರ ಯುಗಾದಿ ಕಳೆದ ವಾರ ತಿಪಟೂರು ಸೀಮೆಯ ಅವಳ ಹಳ್ಳಿಗೆ ಹೋದಾಗ, ನನ್ನ ಕೈ ಹಿಡಿದುಕೊಂಡ ಅವಳ ಹೆಬ್ಬೆರಳಿನಲ್ಲಿ ಸ್ಟಾಂಪ್ ಪ್ಯಾಡಿನ ನೀಲಿ ಮಸಿ ಇತ್ತು.

'ಇದೇನು ದೊಡ್ಡಮ್ಮ?' ಎಂದೆ.

'ಬ್ಯಾಂಕಿಗೆ ಕರ್ಕೊಂಡೋಗಿದ್ರು. ಎಲ್ಲಿ ಒತ್ತು ಅಂದ್ರೋ ಅಲ್ಲಿ ಒತ್ತಿದೆ ಕಣವ್ವ.'

ಸಹಿ ಯಾಕೆ ಹಾಕಲಿಲ್ಲ ಅಂದರೆ ಕನ್ನಡಕ ಇರಲಿಲ್ಲ. ಸಂಕ್ರಾಂತಿಗೆ ಮೊದಲೇ ಮುರಿದದ್ದು 'ರಿಪೇರಿಗೆ ಕೊಟ್ಟವ್ರೆ' ಅಂತ ಅವಳ ನಂಬಿಕೆ. ಮೂರು ತಿಂಗಳಿಂದ ಅವಳು ಪಾಸ್ ಬುಕ್ ಕಂಡಿರಲಿಲ್ಲ. ಪಿಂಚಣಿಯೂ ಗೃಹಲಕ್ಷ್ಮಿಯ 2,000 ರೂಪಾಯಿಯೂ ಬಂದ ದಿನವೇ ಖಾಲಿಯಾಗುತ್ತಿದ್ದವು ಎಂಬುದು ಆಮೇಲೆ ಎಂಟ್ರಿ ಹಾಕಿಸಿದಾಗ ತಿಳಿಯಿತು.

ಅವಳಿಗೆ ಒಬ್ಬನೇ ಮಗ. ನಾನು ಹುಟ್ಟಿದಾಗಿನಿಂದ ಅಣ್ಣ ಎಂದೇ ಕರೆದವನು; ಜಾತ್ರೆಯಲ್ಲಿ ಹೆಗಲ ಮೇಲೆ ಹೊತ್ತುಕೊಂಡು ತಿರುಗಿಸಿದವನು. ಇದನ್ನು ಬರೆಯಲು ನನಗೆ ಒಂದು ವರ್ಷ ಬೇಕಾದದ್ದು ಅದಕ್ಕೇ.

ಈಗ ಹಿಂದಕ್ಕೆ ತಿರುಗಿ ನೋಡಿದರೆ ಎಲ್ಲ ನನ್ನ ಕಣ್ಣೆದುರಿಗೇ ಇತ್ತು. ಮೊದಲೆಲ್ಲ ಫೋನ್ ಮಾಡಿದರೆ ಎಮ್ಮೆ ಕರು ಹಾಕಿದ್ದರಿಂದ ಹಿಡಿದು ಊರ ಪಂಚಾಯಿತಿಯ ತನಕ ಅರ್ಧ ಗಂಟೆ ಮಾತಾಡುತ್ತಿದ್ದವಳು, ಎರಡು ವರ್ಷದಿಂದ 'ಚೆನ್ನಾಗಿದೀನಿ ಕಣವ್ವ, ಮಡಗ್ಲಾ?' ಅನ್ನುತ್ತಿದ್ದಳು. ಮಾತು ಗುಂಯ್‌ಗುಡುತ್ತಿತ್ತು. ಸ್ಪೀಕರ್ ಹಾಕಿರುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ. 'ಯಾವಾಗ ಬರ್ತೀಯಾ' ಅಂತ ಕೇಳುವುದನ್ನು ಅವಳು ಬಿಟ್ಟಿದ್ದಳು. ವಯಸ್ಸಾಯಿತು, ಮಾತು ಕಮ್ಮಿಯಾಗಿದೆ ಅಂದುಕೊಂಡೆ.

ಆ ದಿನ ನೋಡಿದ್ದನ್ನು ಮಾತ್ರ ಮರೆಯಲಾರೆ. ಅವಳ ಮಂಚ ನಡುಮನೆಯಿಂದ ಹಿತ್ತಲಿನ ಇಳಿಮಾಡಿಗೆ, ತೆಂಗಿನ ಮಟ್ಟೆ ರಾಶಿಯ ಪಕ್ಕಕ್ಕೆ ಹೋಗಿತ್ತು. ಎಲೆ ಅಡಿಕೆ ಚೀಲದಲ್ಲಿ ಒಂದು ಚೂರು ಅಡಿಕೆಯೂ ಇರಲಿಲ್ಲ. ನಾನು ತಂದ ಬಾಳೆಹಣ್ಣನ್ನು ಬಾಗಿಲಿಗೆ ಬೆನ್ನು ಹಾಕಿ ಕೂತು ಎರಡೇ ತುತ್ತಿಗೆ ನುಂಗಿ, ಸಿಪ್ಪೆಯನ್ನು ಮಡಚಿ ನನ್ನ ಕೈಗೇ ಕೊಟ್ಟಳು. 'ಇಲ್ಲಿ ಎಸಿಬ್ಯಾಡ' ಎಂದಳು. ಅವಳ ಮೈಮೇಲೆ ಒಂದು ಗಾಯವೂ ಇರಲಿಲ್ಲ. ಹೊಡೆದ ಗುರುತಿಲ್ಲದ ಮೇಲೆ ಇದನ್ನು ದೌರ್ಜನ್ಯ ಅನ್ನಬಹುದೇ ಎಂದು ನಾನೇ ಅನುಮಾನಪಟ್ಟೆ. ಆ ಅನುಮಾನದಲ್ಲಿ ಇನ್ನೂ ಹದಿನೈದು ದಿನ ಕಳೆದವು.

ನಾನು ಮಾಡಿದ ತಪ್ಪುಗಳನ್ನು ಹೇಳಿಬಿಡುತ್ತೇನೆ. ಅತ್ತಿಗೆ ಕಾಫಿ ಲೋಟ ಹಿಡಿದು ನಿಂತಿರುವಾಗಲೇ 'ಇಲ್ಲಿ ಚೆನ್ನಾಗಿ ನೋಡ್ಕೊಳ್ತಾರಾ?' ಎಂದು ದೊಡ್ಡಮ್ಮನನ್ನು ಕೇಳಿದೆ. ಅವಳು ಏನು ತಾನೇ ಹೇಳಿಯಾಳು? ಎರಡನೆಯದು ಇನ್ನೂ ಕೆಟ್ಟದ್ದು. ಅಂದು ಸಂಜೆ ಅಣ್ಣನನ್ನು ಅರಳೀಕಟ್ಟೆಯ ಮುಂದೆ, ನಾಲ್ಕು ಜನರ ಎದುರಿಗೆ ಬೈದು ಬಂದೆ. ಮಾರನೆಯ ದಿನದಿಂದ ಅವಳ ಫೋನ್ ಸ್ವಿಚ್ ಆಫ್. ಮೂರು ವಾರ. ನನ್ನ ಕೋಪದ ಕಂದಾಯ ಕಟ್ಟಿದವಳು ಅವಳು. ಕಾಣಿಸಿದ್ದನ್ನು ಬರೆದಿಟ್ಟುಕೊಂಡು ಸುಮ್ಮನೆ ವಾಪಸು ಬಂದಿದ್ದರೆ ಅವಳಿಗೆ ಆ ಮೂರು ವಾರ ತಪ್ಪುತ್ತಿತ್ತು.

ಪೊಲೀಸ್ ಠಾಣೆಗೂ ಹೋದೆ. 'ಮನೆ ಜಗಳ, ಕೂತು ಮಾತಾಡ್ಕೊಳಿ ಮೇಡಂ' ಎಂದು ಕಳಿಸಿದರು. ಹಿರಿಯರನ್ನು ನೋಡಿಕೊಳ್ಳಬೇಕಾದವರು ಅವರನ್ನು ಬಿಟ್ಟುಬಿಡುವ ಉದ್ದೇಶದಿಂದ ಎಲ್ಲಿಯಾದರೂ ತೊರೆದರೆ 3 ತಿಂಗಳ ಸಜೆಗೆ ಅವಕಾಶವಿದೆ ಎಂದು ಆಗ ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ದೊಡ್ಡಮ್ಮನನ್ನು ಯಾರೂ ಹೊರಗೆ ಹಾಕಿರಲಿಲ್ಲವಲ್ಲ. ಪ್ರಾಣಕ್ಕೆ ಅಪಾಯವಿದ್ದರೆ ಹಿಂದೆಮುಂದೆ ನೋಡದೆ 112ಕ್ಕೆ ಕರೆ ಮಾಡಬೇಕು. ನಮ್ಮದು ಬೇರೆ ಥರದ್ದು.

ದಾರಿ ಸಿಕ್ಕಿದ್ದು ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಿದಾಗ. ಆ ಕಡೆಯ ಹೆಣ್ಣುಮಗಳು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು: 'ಅವರಿಗೆ ಏನು ಬೇಕಂತೆ?' ನನ್ನಲ್ಲಿ ಉತ್ತರವಿರಲಿಲ್ಲ. ಮಗನನ್ನು ಒಳಗೆ ಹಾಕಿಸಬೇಕು, ತೋಟ ವಾಪಸು ತೆಗೆಸಬೇಕು ಎಂದೆಲ್ಲ ಯೋಚಿಸಿದ್ದು ನಾನು. ಅವಳನ್ನು ಕೇಳಿರಲೇ ಇಲ್ಲ.

ಕಣ್ಣಿನ ಡಾಕ್ಟರ ನೆಪ ಹೇಳಿ ದೊಡ್ಡಮ್ಮನನ್ನು ಪೇಟೆಗೆ ಕರೆತಂದೆ. ಮೊದಲು ಕನ್ನಡಕ ಮಾಡಿಸಿದೆ. ಕಾಯುತ್ತಾ ಹೋಟೆಲಿನಲ್ಲಿ ಕೂತಿದ್ದಾಗ ಇಡ್ಲಿ ತಣ್ಣಗಾಗುವ ತನಕ ಅವಳು ಮಾತಾಡಿದಳು. ತೋಟವನ್ನು 2014ರಲ್ಲೇ ಮಗನಿಗೆ ದಾನಪತ್ರ ಮಾಡಿಕೊಟ್ಟಿದ್ದಳು. ಮನೆ ಮಾತ್ರ ಅವಳ ಹೆಸರಿನಲ್ಲಿತ್ತು. ಈಗ ಮನೆಯನ್ನೂ ರಿಜಿಸ್ಟ್ರಿ ಮಾಡಿಕೊಡು ಎಂಬ ಒತ್ತಾಯ. 'ಒಪ್ಪಲಿಲ್ಲ ಅಂತ ಮಂಚ ಆಚೆಗೆ ಹೋಯ್ತು' ಎಂದಳು. ಮತ್ತೆ ಮಗನ ಪರವಾಗಿ ಅವಳೇ ನಿಂತಳು: 'ಅವನೇನು ಕೆಟ್ಟವನಲ್ಲ. ಸಾಲ ಮಾಡ್ಕೊಂಡವ್ನೆ.' ಅದೂ ಸುಳ್ಳಲ್ಲ. ಕೊಬ್ಬರಿ ಬೆಲೆ ಕುಸಿದು ನಮ್ಮ ಕಡೆಯ ತೆಂಗಿನ ರೈತರು ಬೀದಿಗಿಳಿದಿದ್ದ ಕಾಲ ಅದು. ಸಾಲದ ಸಂಕಟ ನನಗೆ ಅರ್ಥವಾಗುತ್ತದೆ. ಅದನ್ನು ತಾಯಿಯ ಎಲೆ ಅಡಿಕೆಯಲ್ಲಿ ಉಳಿಸಿದ್ದನ್ನು ಇವತ್ತಿಗೂ ಕ್ಷಮಿಸಲಾಗಿಲ್ಲ.

ಕೋರ್ಟಿನ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದೆವು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾಯ್ದೆಯೇ ಹೇಳುತ್ತದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಅಲ್ಲಿನ ವಕೀಲೆ ದಾನಪತ್ರದ ನಕಲು ಓದಿ ತಲೆ ಅಲ್ಲಾಡಿಸಿದರು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಆದರೆ ನಮ್ಮ ಪತ್ರದಲ್ಲಿ 'ಪ್ರೀತಿ ವಿಶ್ವಾಸದಿಂದ' ಅಂತಿತ್ತೇ ಹೊರತು ಷರತ್ತಿನ ಒಂದು ಸಾಲೂ ಇರಲಿಲ್ಲ. ಷರತ್ತು ಇತ್ತೆಂದು ತೋರಿಸದೆ ಪತ್ರ ರದ್ದಾಗದು ಎಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ದಾನಪತ್ರವನ್ನು ಅದೇ ಕೋರ್ಟ್ ರದ್ದುಪಡಿಸಿತು ನಿಜ. ಆ ಮಗ ಕಡೆತನಕ ನೋಡಿಕೊಳ್ಳುತ್ತೇನೆಂದು ಬೇರೆ ಕಾಗದ ಬರೆದುಕೊಟ್ಟಿದ್ದ. ನಮ್ಮಲ್ಲಿ ಅಂಥದ್ದೂ ಇರಲಿಲ್ಲ. ಮಕ್ಕಳ ಹೆಸರಿಗೆ ಬರೆದುಕೊಡಲು ಹೊರಟಿರುವ ಎಲ್ಲರಿಗೂ ನಾನು ಕೈಮುಗಿದು ಕೇಳುವುದು ಇಷ್ಟೇ: ಊಟ, ಔಷಧಿ, ವಾಸದ ಆ ಒಂದು ಸಾಲನ್ನು ಪತ್ರದೊಳಗೇ ಬರೆಸಿ. ಮಕ್ಕಳ ಮೇಲೆ ಅಪನಂಬಿಕೆ ತೋರಿಸಿದಂತಾಗುತ್ತದೆ ಎಂದು ದೊಡ್ಡಮ್ಮ ಅಂದು ಬರೆಸಿರಲಿಲ್ಲ.

ಅಣ್ಣ ಅತ್ತಿಗೆಯನ್ನು ಮನೆಯಿಂದ ಎಬ್ಬಿಸಿ ಎಂದೆ. ವಕೀಲೆ ಅದಕ್ಕೂ ತಡೆ ಹಾಕಿದರು. ಸೊಸೆಗೆ ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನು ಈ ಕಾಯ್ದೆ ತೋರಿಸಿ ಸುಲಭವಾಗಿ ಕಿತ್ತುಕೊಳ್ಳುವಂತಿಲ್ಲ ಎಂದು 2020ರಲ್ಲಿ, ಬೆಂಗಳೂರಿನದೇ ಒಂದು ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ತೀರ್ಮಾನಿಸಿದೆಯಂತೆ. ಆಮೇಲೆ ಅವರು ದೊಡ್ಡಮ್ಮನ ಕಡೆ ತಿರುಗಿ, 'ನಿಮಗೇನು ಬೇಕಮ್ಮ?' ಎಂದರು.

'ತೋಟ ಅವನಿಗೇ ಇರ್ಲಿ. ನನ್ನ ಮಂಚ ಒಳಗೆ ಬರ್ಬೇಕು. ಪಾಸ್ ಬುಕ್ಕು, ನಡುಮನೆ ಬೀಗದ ಕೈ ನನ್ನ ಹತ್ರ ಇರ್ಬೇಕು. ತಿಂಗ್ಳಿಗೆ ಇಷ್ಟು ಅಂತ ಕೊಡ್ಲಿ.'

ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಗೆ. ನಮ್ಮ ಜನ ಎಸಿ ಕೋರ್ಟು ಅನ್ನುವುದು ಅದನ್ನೇ. ಅಲ್ಲಿ ಹಿರಿಯರು ವಕೀಲರಿಲ್ಲದೆ ತಾವೇ ಮಾತಾಡಬಹುದು. ಓಡಾಡಲಾಗದವರ ಪರವಾಗಿ ಅವರು ಒಪ್ಪಿದ ಬೇರೆಯವರೋ ಸಂಸ್ಥೆಯೋ ಅರ್ಜಿ ಹಾಕಬಹುದು. ಮಕ್ಕಳಿಲ್ಲದವರು ತಮ್ಮ ಆಸ್ತಿ ಪಡೆದ ಅಥವಾ ಪಡೆಯಲಿರುವ ಬಂಧುವಿನಿಂದ ಜೀವನಾಂಶ ಕೇಳಬಹುದು. ತಿಂಗಳಿಗೆ 10,000 ರೂಪಾಯಿಯವರೆಗೆ ಜೀವನಾಂಶಕ್ಕೆ ಕಾಯ್ದೆಯಲ್ಲಿ ಅವಕಾಶವಿದೆ. ನೋಟಿಸು ಮುಟ್ಟಿದ 90 ದಿನದಲ್ಲಿ ತೀರ್ಮಾನವಾಗಬೇಕು, ಹೆಚ್ಚೆಂದರೆ ಇನ್ನೂ 30 ದಿನ. ನಮ್ಮ ಅರ್ಜಿಯ ಜೊತೆ ಇಟ್ಟದ್ದು ಆಧಾರ್, ದಾನಪತ್ರದ ನಕಲು, ಪಹಣಿ, ಎಂಟ್ರಿ ಹಾಕಿಸಿದ ಪಾಸ್ ಬುಕ್ ಪುಟಗಳು, ಕಣ್ಣಿನ ಡಾಕ್ಟರ ಚೀಟಿ. ಹೊಸ ಕನ್ನಡಕ ಏರಿಸಿ, ನಾಲಗೆ ತುಟಿಯ ಅಂಚಿಗೆ ತಂದುಕೊಂಡು, ಅರ್ಜಿಯ ಕೆಳಗೆ ದೊಡ್ಡಮ್ಮ ಸಹಿ ಹಾಕಿದಳು. ಗುಮಾಸ್ತರು ಸ್ಟಾಂಪ್ ಪ್ಯಾಡನ್ನು ಆಗಲೇ ಮುಂದೆ ತಳ್ಳಿದ್ದರು; ಅದನ್ನು ಅವಳು ಹಾಗೇ ಹಿಂದಕ್ಕೆ ಸರಿಸಿದಳು.

ವಿಚಾರಣೆಗೆ ಮೊದಲು ಸಂಧಾನಕ್ಕೆ ಕೂರಿಸಿದರು. ಅಣ್ಣ ತಲೆ ಎತ್ತಲಿಲ್ಲ. ಎರಡನೆಯ ಸಲ ಬಂದಾಗ ಒಪ್ಪಿ ಬರೆದುಕೊಟ್ಟ: ತಿಂಗಳಿಗೆ 4,000 ರೂಪಾಯಿ, ನಡುಮನೆ, ಪಾಸ್ ಬುಕ್ಕು, ಬೀಗದ ಕೈ. ಅದೇ ಆದೇಶವಾಯಿತು. ಹಣ ತಪ್ಪಿಸಿದರೆ ವಾರಂಟ್ ಹೊರಡಿಸಿ ಒಂದು ತಿಂಗಳವರೆಗೆ ಜೈಲಿಗೆ ಕಳಿಸಲೂ ಬರುತ್ತದೆ ಎಂದು ಅಧಿಕಾರಿ ಅವನಿಗೆ ಓದಿ ಹೇಳಿದರು.

ಅಣ್ಣ ನನ್ನೊಡನೆ ಮಾತು ಬಿಟ್ಟಿದ್ದಾನೆ. ರಕ್ಷಾಬಂಧನದ ದಿನ ಫೋನ್ ಮಾಡಿದೆ, ಎತ್ತಲಿಲ್ಲ. ಕಳೆದ ತಿಂಗಳು ಹಣ ಹಾಕಿರಲಿಲ್ಲ. ಎಸಿ ಆಫೀಸಿಗೆ ಹೋಗೋಣವೇ ಎಂದು ದೊಡ್ಡಮ್ಮನನ್ನು ಕೇಳಿದೆ, ಈ ಸಲ ಅವಳನ್ನೇ ಕೇಳಿದೆ. ಸೆರಗಿನ ತುದಿಯ ಬೀಗದ ಕೈಯನ್ನು ತಿರುಗಿಸುತ್ತಾ ಸ್ವಲ್ಪ ಹೊತ್ತು ಯೋಚಿಸಿದಳು.

'ಕೊಬ್ಬರಿ ಹರಾಜಾಗ್ಲಿ ತಡಿ. ಆಮೇಲೂ ಕೊಡ್ಲಿಲ್ಲ ಅಂದ್ರೆ ನಾನೇ ಹೇಳ್ತೀನಿ.'