ಅಪರಿಚಿತ ಛಾಯಾಗ್ರಾಹಕರೂ ನಮ್ಮ ಹೆಣ್ಣುಮಕ್ಕಳೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ಕೇಳಿದ ಪ್ರಶ್ನೆಯೊಂದು ಈ ಲೇಖನಕ್ಕೆ ಕಾರಣವಾಯಿತು. ಸೀರೆಯಂಗಡಿಯೊಂದರ ಜಾಹೀರಾತಿಗೆ ಒಮ್ಮೆ ರೂಪದರ್ಶಿಯಾಗಿ ನಿಂತಿದ್ದ ಅವಳಿಗೆ ಬೆಂಗಳೂರಿನ ಅಪರಿಚಿತ ಛಾಯಾಗ್ರಾಹಕನೊಬ್ಬನು ಮೊಬೈಲಿನಲ್ಲಿ ಸಂದೇಶ ಕಳುಹಿಸಿದ್ದನು. ಒಂದು ದಿನದ ಕೆಲಸ, ಕೈತುಂಬ ಸಂಭಾವನೆ, ಊರ ಹೊರಗಿನ ತೋಟದ ಮನೆ. "ಜತೆಗೆ ಯಾರೂ ಬೇಡ, ಮನೆಯವರೆದುರು ಮುಖದಲ್ಲಿ ಭಾವ ಮೂಡುವುದಿಲ್ಲ" ಎಂದೂ ಬರೆದಿದ್ದನು. "ಟೀಚರ್, ಹೋಗಲೇ, ಬಿಡಲೇ?" ಎಂದು ಅವಳ ಪ್ರಶ್ನೆ.

ರೂಪದರ್ಶಿಯ ಉದ್ಯೋಗವು ಹೀನವಾದದ್ದೆಂದು ನಾನು ಎಣಿಸುವವಳಲ್ಲ. ಛಾಯಾಗ್ರಾಹಕರಲ್ಲಿ ಬಹುಮಂದಿ ಮರ್ಯಾದಸ್ಥರೇ. ಆದರೆ ಕ್ಯಾಮರವೊಂದನ್ನು ಕೊರಳಿಗೆ ಹಾಕಿಕೊಂಡವನು ಪರಸ್ತ್ರೀಯನ್ನು ಹೀಗೆ ನಿಲ್ಲು, ಹಾಗೆ ತಿರುಗು, ಇಲ್ಲಿಗೆ ಒಬ್ಬಳೇ ಬಾ ಎಂದು ಹೇಳಬಹುದು. ಲೋಕವು ಅದರಲ್ಲಿ ತಪ್ಪೆಣಿಸುವುದಿಲ್ಲ. ಇಂಥ ಸಲಿಗೆಯು ಬೇರೆ ಉದ್ಯೋಗಗಳಲ್ಲಿ ವಿರಳ. ದುಷ್ಟನಾದವನು ಈ ವೇಷವನ್ನು ಆರಿಸಿಕೊಳ್ಳುವುದೂ ಇದಕ್ಕಾಗಿಯೇ.

ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ 1957 ಮತ್ತು 1958ರಲ್ಲಿ ನಡೆದದ್ದನ್ನು ನೋಡಿರಿ. ಹಾರ್ವಿ ಗ್ಲಾಟ್‌ಮನ್ ಎಂಬವನು ಸುಳ್ಳು ಹೆಸರುಗಳನ್ನು ಹೇಳಿಕೊಂಡು, ಪತ್ತೇದಾರಿ ಪತ್ರಿಕೆಗಳಿಗೆ ಚಿತ್ರಗಳು ಬೇಕೆಂದು ರೂಪದರ್ಶಿಯರನ್ನು ಕರೆಯುತ್ತಿದ್ದನು. ಅವನ ಕೈಯಲ್ಲಿ ಮೂವರು ಸ್ತ್ರೀಯರು ಸತ್ತರು. ಅವರಲ್ಲಿ ಇಬ್ಬರನ್ನು ಅವನು ಸಂಪರ್ಕಿಸಿದ್ದು ಪಟ ತೆಗೆಯುವ ನೆಪದಿಂದಲೇ. ಮತ್ತೊಬ್ಬಳನ್ನು ಅವನು 1958ರ ಅಕ್ಟೋಬರದಲ್ಲಿ ಕಾರಿನಲ್ಲಿ ಕರೆದೊಯ್ದನು. ಕಾರು ಹೇಳಿದ ಸ್ಥಳದ ದಾರಿಯನ್ನು ಬಿಟ್ಟು ಹೆದ್ದಾರಿಯನ್ನು ಹಿಡಿದಾಗ ಅವಳಿಗೆ ಸಂಶಯ ಹುಟ್ಟಿತು. ಅವನು ಪಿಸ್ತೂಲು ತೋರಿಸಿದರೂ ಅವಳು ಬಿಡದೆ ಹೋರಾಡಿ, ಅದನ್ನೇ ಕಸಿದುಕೊಂಡಳು; ಅಷ್ಟರಲ್ಲಿ ದಾರಿಯ ಪೊಲೀಸನೊಬ್ಬನು ಅಲ್ಲಿಗೆ ಬಂದನು. 1959ರಲ್ಲಿ ಗ್ಲಾಟ್‌ಮನ್‌ನಿಗೆ ಮರಣದಂಡನೆಯಾಯಿತು. ಹೆದರಿಸುವುದಕ್ಕಾಗಿ ಇದನ್ನು ಬರೆಯಲಿಲ್ಲ. ಹೋಗಬೇಕಾದ ಸ್ಥಳವನ್ನು ಮೊದಲೇ ತಿಳಿದಿದ್ದುದರಿಂದಲೇ ಅವಳಿಗೆ ದಾರಿ ತಪ್ಪಿದ್ದು ಗೊತ್ತಾಯಿತೆಂಬುದನ್ನು ಗಮನಿಸಬೇಕು.

ಆದುದರಿಂದ ಮೊದಲು ಮನುಷ್ಯನನ್ನು ವಿಚಾರಿಸಬೇಕು. ಅವನ ಪುಟದಲ್ಲಿರುವ ಅಂದವಾದ ಪಟಗಳು ಏನನ್ನೂ ಸಿದ್ಧಪಡಿಸಲಾರವು. ಅನ್ಯರ ಪಟಗಳನ್ನು ಕದ್ದು ಹಾಕುವುದು ಕ್ಷಣಮಾತ್ರದ ಕೆಲಸ. ಆ ಪಟಗಳಲ್ಲಿರುವ ಸ್ತ್ರೀಯರನ್ನು ನೀವೇ ಹುಡುಕಿ, ಅವನ ಮಧ್ಯಸ್ಥಿಕೆಯಿಲ್ಲದೆ ಮಾತಾಡಿಸಿರಿ. "ಚೆನ್ನಾಗಿ ತೆಗೆಯುತ್ತಾನೆಯೇ?" ಎಂದಲ್ಲ, "ನಿಮ್ಮ ತಂಗಿಯನ್ನು ಅವನ ಬಳಿಗೆ ಕಳುಹಿಸುವಿರಾ?" ಎಂದು ಕೇಳಿರಿ. ಉತ್ತರ ಬರುವುದಕ್ಕೆ ಮೊದಲು ಆಗುವ ಮೌನವೂ ಒಂದು ಉತ್ತರವೇ. ನೋಂದಣಿಗೆಂದೋ ಪಟಗಳ ಸಂಪುಟಕ್ಕೆಂದೋ ಮುಂಗಡ ಹಣ ಕೇಳುವವನಿದ್ದರೆ ಅಲ್ಲಿಗೇ ಮಾತು ನಿಲ್ಲಿಸಬಹುದು. ದುಡಿಯುವವಳಿಗೆ ಕೂಲಿ ಬರಬೇಕೇ ಹೊರತು ಅವಳ ಕೈಯಿಂದ ಹೋಗಬಾರದು.

ಮೊದಲ ಭೇಟಿಯು ಹಗಲಿನಲ್ಲಿ, ನಾಲ್ಕು ಜನರಿರುವ ಸ್ಥಳದಲ್ಲಿ ಆಗತಕ್ಕದ್ದು. ಕೆಲಸದ ದಿನ ಅಕ್ಕನೋ ಗೆಳತಿಯೋ ಜತೆಗಿರಲಿ. ಜತೆಗಾತಿಯನ್ನು ಬೇಡವೆನ್ನುವವನು ಎಷ್ಟೇ ಕಲಾವಿದನಾಗಿರಲಿ, ಅವನ ಕಲೆಯಿಲ್ಲದೆ ನಮಗೆ ನಷ್ಟವಿಲ್ಲ. ಅವನ ವಾಹನದಲ್ಲಿ ಹೋಗದೆ ನಿಮ್ಮದೇ ಏರ್ಪಾಟಿನಲ್ಲಿ ಹೋಗಿರಿ. ಹಿಂದಿರುಗುವ ದಾರಿಯೂ ನಿಮ್ಮ ಕೈಯಲ್ಲಿರಬೇಕು. ಬಟ್ಟೆ ಬದಲಿಸುವ ಕೋಣೆಗೆ ಒಳಗಿನಿಂದ ಅಗಳಿಯಿದೆಯೇ, ಅಲ್ಲಿ ಯಾವನ ಮೊಬೈಲಾದರೂ ಇಡಲ್ಪಟ್ಟಿದೆಯೇ ಎಂದು ನೋಡುವುದಕ್ಕೆ ನಾಚಬೇಕಾಗಿಲ್ಲ.

ಕಾಗದಪತ್ರದ ವಿಷಯದಲ್ಲಿ ನಮ್ಮ ಹುಡುಗಿಯರ ಅಲಕ್ಷ್ಯ ಹೆಚ್ಚು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಪಟ ತೆಗೆದವನೇ ಅದರ ಕರ್ತೃ. ಹಣ ಕೊಟ್ಟು ತೆಗೆಯಿಸಿದವರಿದ್ದರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ ಅವರೇ ಮೊದಲ ಒಡೆಯರು. ಪಟದಲ್ಲಿರುವವಳು ಎಂಬ ಮಾತ್ರಕ್ಕೆ ರೂಪದರ್ಶಿಗೆ ಆ ಸ್ವಾಮ್ಯವಿಲ್ಲ. ಯಾವ ಉಡುಪು, ಎಷ್ಟು ಹೊತ್ತು, ಪಟಗಳು ಎಲ್ಲೆಲ್ಲಿ ಅಚ್ಚಾಗಬಹುದು, ಎಷ್ಟು ಕಾಲ, ಇವೆಲ್ಲವನ್ನೂ ಬರವಣಿಗೆಯಲ್ಲಿ ಪಡೆದು ಓದಿ ರುಜು ಹಾಕತಕ್ಕದ್ದು. ಒಪ್ಪದೆ ಇದ್ದ ಉಡುಪನ್ನು ಅಲ್ಲಿ ಹೋದ ಮೇಲೆ ತೊಡೆಂದರೆ "ಇಲ್ಲ" ಎಂದು ಹೇಳಿ ಎದ್ದು ಬರಬಹುದು. ಹದಿನೆಂಟು ತುಂಬದವಳ ರುಜುವಿಗೆ ಕಾಯಿದೆಯಲ್ಲಿ ಬೆಲೆಯಿಲ್ಲ. ಅವಳೊಂದಿಗೆ ತಾಯಿಯೋ ತಂದೆಯೋ ಇರಲೇಬೇಕು.

ಖಾಸಗಿಯಾದ ಪಟವನ್ನು ತೆಗೆಯುವುದಕ್ಕೆ ಒಪ್ಪಿದವಳು ಅದನ್ನು ಹಂಚುವುದಕ್ಕೂ ಒಪ್ಪಿದಳೆಂದು ಅರ್ಥವಲ್ಲ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಹಾಗೆ ಹಂಚಿದವನಿಗೆ ಸೆರೆಮನೆಯ ಶಿಕ್ಷೆ ಉಂಟು.

ತಾಯ್ತಂದೆಗಳಿಗೂ ಒಂದು ಮಾತು ಹೇಳಬೇಕಾಗಿದೆ. ಪಟಗಳನ್ನು ತೋರಿಸಿ ಹೆದರಿಸುವವನ ಬಲವು ಪಟದಲ್ಲಿಲ್ಲ, "ಮನೆಯಲ್ಲಿ ತಿಳಿದರೆ ಏನು ಗತಿ?" ಎಂಬ ಮಗಳ ಭಯದಲ್ಲಿದೆ. ಮಗಳು ಅಳುತ್ತ ಬಂದ ದಿನ "ನಿನ್ನನ್ನು ಯಾರು ಹೋಗಹೇಳಿದರು?" ಎಂದು ಗದರಿಸುವ ತಂದೆಯು, ತಿಳಿಯದೆಯೇ ಆ ದುಷ್ಟನ ಪಕ್ಷವನ್ನು ಹಿಡಿದಂತಾಗುವುದು. ಅವನು ಕಳುಹಿಸಿದ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು, ಹಣ ಕೊಡದೆ, ಪೊಲೀಸರಿಗೆ ದೂರು ಕೊಡಿರಿ. ತುರ್ತಿಗೆ 112, ಸ್ತ್ರೀಯರ ಸಹಾಯಕ್ಕೆ 181, ಮಕ್ಕಳಿಗೆ 1098 ಎಂಬ ಸಂಖ್ಯೆಗಳು ಮನೆಯ ಗೋಡೆಯ ಮೇಲೆ ಬರೆದಿರಲಿ.

ನಮ್ಮ ಹುಡುಗಿಯು ನನ್ನ ಮಾತಿನಂತೆ ಆ ಛಾಯಾಗ್ರಾಹಕನಿಗೆ ವಿನಯದಿಂದಲೇ ಬರೆದಳು: ಅಕ್ಕನೊಡನೆ ಬರುವೆನು, ಮೊದಲು ತಮ್ಮೊಡನೆ ಕೆಲಸಮಾಡಿದ ಇಬ್ಬರ ಹೆಸರುಗಳನ್ನು ದಯಮಾಡಿ ತಿಳಿಸಬೇಕು. ಮರುದಿನವೇ ಉತ್ತರ ಬಂದಿತು. ಕೆಲಸವನ್ನು ಬೇರೊಬ್ಬ ಹುಡುಗಿಗೆ ಕೊಟ್ಟಾಯಿತು ಎಂದು ಅದರಲ್ಲಿತ್ತು. ಅವಳು ಯಾರ ಮಗಳೋ, ಅವಳ ಜತೆಗೆ ಯಾರಾದರೂ ಹೋದರೋ ಇಲ್ಲವೋ, ನಮಗೆ ತಿಳಿಯಲಿಲ್ಲ.